ಅಂಗೈ ನೋಡಿ ಬಲ್ಬು ಕೊಡುತ್ತಿದ್ದವರು

“ಗಂಡಸ್ರು ಯಾರೂ ಇಲ್ವಾ?” ಎಂದು ಕೇಳಿಕೊಂಡು ಆ ಅಂಗಡಿಯ ಮೆಟ್ಟಿಲು ಹತ್ತಿದವರನ್ನು ನಾನೇ ಹತ್ತಾರು ಸಲ ನೋಡಿದ್ದೇನೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಅವರು ಕನ್ನಡಕದ ಮೇಲಿಂದ ಒಮ್ಮೆ ದಿಟ್ಟಿಸಿ, “ಗಂಡಸ್ರು ಬೇಕು ಅಂದ್ರೆ ಎದುರ್ಗಡೆ ಸಲೂನ್‌ಗೆ ಓಗಿ, ಬೇಕಾದಷ್ಟು ಜನ ಕೂತವ್ರೆ. ಬಲ್ಬು ಬೇಕು ಅಂದ್ರೆ ಈ ಸ್ಟೂಲ್ ಮ್ಯಾಲೆ ಕೂತ್ಕಳಿ” ಎನ್ನುತ್ತಿದ್ದರು. ಇದನ್ನು ಅವರು ತಮಾಷೆಗೆ ಹೇಳುತ್ತಿದ್ದರೆಂದು ಯಾರೂ ತಿಳಿಯಬೇಡಿ. ಸಿಟ್ಟಿನಿಂದಲೇ ಹೇಳುತ್ತಿದ್ದರು. ಇಪ್ಪತ್ತೈದು ವರ್ಷ ಅದೇ ಪ್ರಶ್ನೆಯನ್ನು ಕೇಳಿಸಿಕೊಂಡವರಿಗೆ ತಮಾಷೆ ಎಲ್ಲಿಂದ ಬರಬೇಕು?

ಗುಂಡ್ಲುಪೇಟೆಯಲ್ಲಿ ನನ್ನ ತವರುಮನೆಯಿಂದ ಎರಡು ಬೀದಿ ಆಚೆ ಅವರ ಎಲೆಕ್ಟ್ರಿಕಲ್ ಅಂಗಡಿ. ನಾನು ಹೈಸ್ಕೂಲಿನಲ್ಲಿದ್ದಾಗ ಫ್ಯೂಸ್ ವೈರ್ ತರಲು ಅಪ್ಪ ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದರು. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಟೆಸ್ಟರು, ಮುರಿದ ಕನ್ನಡಕದ ಕಾಲಿಗೆ ಸುತ್ತಿದ ಕೆಂಪು ಟೇಪು. ಮೈಸೂರಿನಲ್ಲಿ ಐಟಿಐ ಓದಿ, ಎಲೆಕ್ಟ್ರೀಷಿಯನ್ ಟ್ರೇಡಿನ ಇಡೀ ತರಗತಿಯಲ್ಲಿ ಒಬ್ಬರೇ ಹೆಣ್ಣುಮಗಳಾಗಿ ಕೂತು ಪಾಸಾಗಿ ಬಂದವರು. ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಅವರ ಗಂಡನ ಹೆಸರಿತ್ತು. ಆ ಮನುಷ್ಯ ಒಳ್ಳೆಯವರು, ಎಲ್ಲರನ್ನೂ ಕೂರಿಸಿ ಟೀ ತರಿಸಿಕೊಡುವವರು. ಆದರೆ ಫ್ಯೂಸ್ ಹಾಕಲೂ ಬರುತ್ತಿರಲಿಲ್ಲ. ಅವರು ತೀರಿಕೊಂಡು ಹದಿಮೂರು ವರ್ಷವಾದರೂ ಊರವರ ಬಾಯಲ್ಲಿ ಅದು ಅವರದೇ ಅಂಗಡಿಯಾಗಿ ಉಳಿಯಿತು.

ಅಂಗಡಿಯ ಮೂಲೆಯಲ್ಲಿ ಹಲಗೆ ಹೊಡೆದು ಬೀರುವಿನಷ್ಟು ದೊಡ್ಡ ಕತ್ತಲೆ ಗೂಡೊಂದನ್ನು ಮಾಡಿಸಿದ್ದರು. ಒಳಗೆ ಮೂರು ಹೋಲ್ಡರು. ಒಂದರಲ್ಲಿ ಟ್ಯೂಬ್‌ಲೈಟಿನಂಥ ಬಿಳಿ ಬಲ್ಬು, ಇನ್ನೊಂದರಲ್ಲಿ ನಡುವಿನದು, ಮೂರನೆಯದರಲ್ಲಿ ಸಂಜೆ ಬಿಸಿಲಿನ ಬಣ್ಣದ್ದು. ಬಲ್ಬು ಕೇಳಿ ಬಂದವರು ಮೊದಲು ಆ ಗೂಡಿನೊಳಗೆ ಕೈ ಚಾಚಬೇಕು. “ಅಂಗೈ ನೋಡ್ಕ. ಒಳಗೆ ರಕ್ತ ಓಡ್ತಾ ಅದೆ ಅಂತ ಕಾಣ್ಬೇಕು. ಎಣದ ಕೈ ತರ ಕಂಡ್ರೆ ಅದು ಮನೆಗೆ ಆಗಕಿಲ್ಲ” ಎನ್ನುತ್ತಿದ್ದರು. ಕೆಲವು ದಿನ ಹೂವಿನ ಮಂಡಿಯಿಂದ ತಂದ ಚೆಂಡು ಹೂವನ್ನೂ ಒಳಗಿಟ್ಟು ತೋರಿಸುತ್ತಿದ್ದರು. ಒಂದು ಬಲ್ಬಿನ ಕೆಳಗೆ ಹೂವು ಹೂವಾಗಿಯೇ ಇರುತ್ತಿತ್ತು, ಇನ್ನೊಂದರ ಕೆಳಗೆ ಮಾಸಿದ ಬಟ್ಟೆಯ ಚೂರಿನಂತೆ ಕಾಣುತ್ತಿತ್ತು. ಎರಡೂ ಹೊಸ ಬಲ್ಬುಗಳೇ.

ಪಕ್ಕದ ಟೈಲರಿಂಗ್ ಅಂಗಡಿಯ ಭಾಯಿಗೆ ಅವರ ಮೇಲೆ ವಿಪರೀತ ಅಭಿಮಾನ. ಒಮ್ಮೆ ಮದುವೆಯ ರವಿಕೆಗೆ ಬೇರೆ ಬಣ್ಣದ ದಾರ ಹಾಕಿ ಹೊಲಿದು, ಹೆಣ್ಣಿನ ಕಡೆಯವರಿಂದ ಬೈಸಿಕೊಂಡು ಭಾಯಿ ತಲೆ ಮೇಲೆ ಕೈಹೊತ್ತು ಕೂತಿದ್ದರಂತೆ. ಇವರು ಹೋಗಿ ನೋಡಿ, ನಿಮ್ಮ ಕಣ್ಣು ಸರಿಯಾಗೇ ಇದೆ, ತಲೆ ಮೇಲಿರುವ ಬಲ್ಬು ಸುಳ್ಳು ಹೇಳುತ್ತಿದೆ ಎಂದು ಅದನ್ನು ಕಿತ್ತು ಬೇರೆ ಹಾಕಿದರು. ಅಂದಿನಿಂದ ಭಾಯಿ ಬಣ್ಣ ತಪ್ಪಲಿಲ್ಲ. ವಯನಾಡಿಗೆ ಹೋಗುವ ಲಾರಿಯವರ ಜೊತೆ ಮಲಯಾಳಂನಲ್ಲೇ ಜಗಳವಾಡಬಲ್ಲವರಾಗಿದ್ದರು ಇವರು. ಸರ್ಕಾರದ ಗುಣಮಟ್ಟದ ಮುದ್ರೆ ಇಲ್ಲದ, ಡಬ್ಬದ ಮೇಲೆ ಕರೆಂಟು ಉಳಿತಾಯದ ಸುಳ್ಳು ಸ್ಟಾರು ಅಂಟಿಸಿಕೊಂಡು ಬರುವ ಬಲ್ಬುಗಳನ್ನು ಅಂಗಡಿಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅಂಥ ಮಾಲು ತಂದ ಏಜೆಂಟನೊಬ್ಬನ ಚೀಲವನ್ನು ಮೆಟ್ಟಿಲಿನ ಮೇಲೆ ಇಟ್ಟುಬಂದದ್ದನ್ನು ನಾನೇ ಕಂಡಿದ್ದೇನೆ. ಎಸೆಯಲಿಲ್ಲ, ಇಟ್ಟರು. ಒಡೆದರೆ ಬರಿಗಾಲಿನಲ್ಲಿ ಓಡಾಡುವವರಿಗೆ ಗಾಜು ಚುಚ್ಚುತ್ತದೆ ಎಂದರು.

ನಾನು ಅವರನ್ನು ಸರಿಯಾಗಿ ಅರಿತದ್ದು ಬಹಳ ತಡವಾಗಿ, ನನ್ನ ಮನೆಯ ಪ್ಯಾಸೇಜಿನ ದೆಸೆಯಿಂದ.

ನಾನು ಸಂತೆಮರಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಚಾಮರಾಜನಗರದಲ್ಲಿ ನಾವು ಮನೆ ಕಟ್ಟಿಸಿ ಆರು ವರ್ಷವಾಯಿತು. ಹಾಲ್‌ನಿಂದ ಹಿಂದಿನ ಬಚ್ಚಲುಮನೆಯವರೆಗೆ ಇಪ್ಪತ್ತೆರಡು ಅಡಿ ಉದ್ದ, ನಾಲ್ಕಡಿ ಅಗಲದ ಒಂದು ಓಣಿಯಿದೆ. ಕಿಟಕಿಯಿಲ್ಲ. ಹಗಲಲ್ಲೂ ದೀಪ ಬೇಕು. ಅತ್ತೆಯ ಕೋಣೆ ಅದರ ಒಂದು ತುದಿಗೆ. ಮನೆಯ ಒಳಗಿನ ಅಲಂಕಾರವನ್ನೆಲ್ಲ ನನ್ನ ಗಂಡನ ಸಹಪಾಠಿಯಾದ ಒಬ್ಬ ಇಂಟೀರಿಯರ್ ಕಂಟ್ರಾಕ್ಟರನಿಗೆ ವಹಿಸಿದ್ದೆವು. ಆತ ಪ್ಯಾಸೇಜಿನ ಸೂರಿಗೆ ಹನ್ನೆರಡು ವಾಟಿನ ಎಂಟು ಬಿಳಿ ಲೈಟುಗಳನ್ನು ಸಾಲಾಗಿ ಕೂರಿಸಿದ. ನೆಲಕ್ಕೆ ಕನ್ನಡಿಯಂಥ ಟೈಲ್ಸು. ಗೃಹಪ್ರವೇಶಕ್ಕೆ ಬಂದವರೆಲ್ಲ ಏರ್‌ಪೋರ್ಟ್ ಇದ್ದ ಹಾಗಿದೆ ಎಂದರು. ನಮಗೂ ಅದು ಹೊಗಳಿಕೆಯೆಂದೇ ಅನ್ನಿಸಿತ್ತು.

ಅತ್ತೆಗೆ ಆಗ ಎಪ್ಪತ್ತೆಂಟು. ಉಮ್ಮತ್ತೂರಿನ ಮನೆಯಲ್ಲಿ ಚಿಮಣಿ ದೀಪದ ಬೆಳಕಿನಲ್ಲೇ ಅಡುಗೆ ಮಾಡಿ ಬಾಳಿದವರು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಹೊಸ ಮನೆಗೆ ಬಂದ ಮೇಲೆ ಅವರು ಪ್ಯಾಸೇಜಿನಲ್ಲಿ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು, ಗೋಡೆ ತಡಕಿಕೊಂಡು ನಡೆಯತೊಡಗಿದರು. ಅಲ್ಲಲ್ಲಿ ಕಾಲೆತ್ತಿ, ಏನನ್ನೋ ದಾಟುವವರಂತೆ ಹೆಜ್ಜೆಯಿಡುತ್ತಿದ್ದರು. ಆಮೇಲೆ ಲೈಟನ್ನೇ ಆರಿಸಿ ಕತ್ತಲಲ್ಲಿ ಓಡಾಡತೊಡಗಿದರು. ನಾವು ಹಾಕುತ್ತಿದ್ದೆವು, ಅವರು ಆರಿಸುತ್ತಿದ್ದರು. ಇದಕ್ಕಾಗಿ ಗಂಡ ತಾಯಿಯ ಮೇಲೆ ರೇಗಿದ್ದೂ ಉಂಟು. ಒಂದು ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಪ್ಯಾಸೇಜಿನಲ್ಲಿ ದಪ್ಪೆಂದು ಸದ್ದಾಯಿತು. ಅತ್ತೆ ಬಿದ್ದಿದ್ದರು. ಬಲಗೈ ಮಣಿಕಟ್ಟು ಮುರಿದಿತ್ತು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ, ಅದರಲ್ಲಿ ನನ್ನ ಪಾಲೂ ಇರುವುದರಿಂದ ಇನ್ನಷ್ಟು. ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ದಿನವೇ ಕಂಟ್ರಾಕ್ಟರ್ ನೋಡಲು ಬಂದ. ಇಷ್ಟು ಬೆಳಕಿರುವ ಜಾಗದಲ್ಲಿ ಯಾರೂ ಬೀಳುವುದಿಲ್ಲ, ಅಮ್ಮನಿಗೆ ವಯಸ್ಸಾಯಿತು, ನೆನಪು ಹೋಗುತ್ತಿರಬೇಕು, ಅದಕ್ಕೇ ಲೈಟು ಆರಿಸುತ್ತಾರೆ ಎಂದ. ಅತ್ತೆ ಅಲ್ಲೇ ಮಂಚದ ಮೇಲೆ ಕೂತಿದ್ದರು. ಅವರು ಇಲ್ಲವೇ ಇಲ್ಲ ಎಂಬಂತೆ ಅವರ ವಿಷಯ ಮಾತಾಡಿದೆವು. ಕೋಣೆಯಲ್ಲೇ ಕಮೋಡ್ ಕುರ್ಚಿ ಇಡುವುದು, ಪ್ಯಾಸೇಜಿಗೆ ಬರಲು ಬಿಡದಿರುವುದು, ಮೈಸೂರಿನಲ್ಲಿ ತಲೆಯ ಡಾಕ್ಟರಿಗೆ ತೋರಿಸುವುದು ಎಂದೆಲ್ಲ ತೀರ್ಮಾನವಾಯಿತು. ಅಷ್ಟರವರೆಗೆ ಅಡುಗೆಮನೆಗೆ ಬಂದು ಸೊಪ್ಪು ಬಿಡಿಸಿಕೊಡುತ್ತಿದ್ದ ಅತ್ತೆ ಅಂದಿನಿಂದ ಕೋಣೆ ಬಿಟ್ಟು ಹೊರಗೆ ಬರಲಿಲ್ಲ.

ಆ ಭಾನುವಾರ ತವರಿಗೆ ಹೋದವಳು ಅವರ ಅಂಗಡಿಗೆ ಹೋಗಿ, ಪ್ಯಾಸೇಜಿಗೆ ಇನ್ನೂ ಜೋರಾದ ಲೈಟು ಬೇಕು ಎಂದೆ. ಎಂಟರ ಬದಲು ಹತ್ತು ಹಾಕಿಸಿದರೆ ಅತ್ತೆಗೆ ಕಂಡೀತು ಎಂಬುದು ನನ್ನ ಬುದ್ಧಿವಂತಿಕೆ. ಅವರು ಕೊಡಲಿಲ್ಲ. ಸ್ಟೂಲು ತೋರಿಸಿ ಕೂರಿಸಿದರು. ಎಷ್ಟು ಉದ್ದ, ಸೂರು ಎಷ್ಟು ಎತ್ತರ, ಗೋಡೆಗೆ ಯಾವ ಬಣ್ಣ, ನೆಲ ಎಂಥದು ಎಂದು ವಿಚಾರಿಸಿದರು. ಕೊನೆಗೆ, ಅಲ್ಲಿ ಹೆಚ್ಚಾಗಿ ಓಡಾಡುವವರು ಯಾರು ಎಂದು ಕೇಳಿದರು. ಅತ್ತೆಯ ವಿಷಯ ಹೇಳಿದೆ. ಮರೆವಿನ ಕಾಯಿಲೆ ಇರಬೇಕು ಅಂತ ಅನುಮಾನ ಎಂದೂ ಸೇರಿಸಿದೆ.

“ಲೈಟು ಯಾಕ್ ಆರುಸ್ತೀಯ ಅಂತ ಅವ್ವನ್ನ ಕೇಳುದ್ಯಾ?” ಎಂದರು.

ಕೇಳಿರಲಿಲ್ಲ. ಯಾಕೆ ಆರಿಸಿದೆ ಎಂದು ಗದರಿದ್ದೆವು, ಅಷ್ಟೇ. ಗದರುವುದಕ್ಕೂ ಕೇಳುವುದಕ್ಕೂ ಇರುವ ವ್ಯತ್ಯಾಸ ಅಂಗಡಿಯ ಆ ಸ್ಟೂಲಿನ ಮೇಲೆ ಕೂತಾಗ ನನಗೆ ತಿಳಿಯಿತು. ಅವರು ಎಷ್ಟು ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದರೆಂದರೆ ನಾನು ತಲೆ ತಗ್ಗಿಸಬೇಕಾಯಿತು. ಆಮೇಲೆ, “ಮೇಷ್ಟ್ರಮ್ಮ ಆಗ್ಬುಟ್ಟಿದ್ದೀಯ, ಮಕ್ಕಳಿಗೆಲ್ಲ ಪ್ರಶ್ನೆ ಆಕ್ತೀಯ” ಎಂದಷ್ಟೇ ಹೇಳಿ ಬಾಗಿಲು ಎಳೆದು, ಚೀಲಕ್ಕೆ ನಾಲ್ಕೈದು ಬಲ್ಬು, ಹೋಲ್ಡರು, ಒಂದು ಸುರುಳಿ ವೈರು ತುಂಬಿಕೊಂಡು ನನ್ನ ಜೊತೆಗೇ ಬಸ್ಸು ಹತ್ತಿದರು.

ಮನೆಗೆ ಬಂದವರು ಲೈಟುಗಳನ್ನು ನೋಡುವ ಮೊದಲು ಅತ್ತೆಯ ಮಂಚದ ಮೇಲೆ ಹೋಗಿ ಕೂತರು. ಯಾವ ಊರು, ಎಷ್ಟು ಜನ ಮಕ್ಕಳು, ಕೈ ನೋವು ಹೇಗಿದೆ ಎಂದೆಲ್ಲ ಮಾತಾಡಿಸಿದರು. ಆಮೇಲೆ ಅವರ ಎಡಗೈ ಹಿಡಿದು ಪ್ಯಾಸೇಜಿಗೆ ಕರೆತಂದು, ಎಂಟೂ ಲೈಟು ಹಾಕಿ, “ಅವ್ವ, ಈಗ ಏನ್ ಕಾಣ್ತದೆ ಯೋಳು” ಎಂದರು.

ಅತ್ತೆ ಮಗನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. “ನೆಲದ ಮ್ಯಾಲೆ ನೀರು ಚೆಲ್ದಂಗೆ ಕಾಣ್ತದೆ ಕಣವ್ವ. ಅಲ್ಲೊಂದು ಮಡ, ಇಲ್ಲೊಂದು ಮಡ. ತುಳುದ್ರೆ ಎಲ್ಲಿ ಜಾರ್ತೀನೋ ಅಂತ ದಾಟ್ಕಂಡು ಓಯ್ತೀನಿ. ಲೈಟು ಆರ್ಸುದ್ರೆ ನೀರು ಇರಾಕಿಲ್ಲ” ಎಂದರು.

ಅವರು ಮೊಣಕಾಲು ಮಡಿಸಿ ಅತ್ತೆಯ ಎತ್ತರಕ್ಕೆ ಬಗ್ಗಿ ನೆಲ ನೋಡಿದರು. ನನ್ನನ್ನೂ ಗಂಡನನ್ನೂ ಬಗ್ಗಿ ನೋಡಲು ಹೇಳಿದರು. ನಿಜ. ಎಂಟು ಬಿಳಿ ಲೈಟುಗಳು ನುಣ್ಣನೆಯ ಟೈಲ್ಸಿನ ಮೇಲೆ ಎಂಟು ನೀರಿನ ಮಡುಗಳಾಗಿ ಬಿದ್ದಿದ್ದವು. ಪೊರೆ ತೆಗೆದ ಕಣ್ಣಿಗೆ, ಇನ್ನೊಂದು ಮಬ್ಬು ಕಣ್ಣಿಗೆ ಅವು ಎಷ್ಟು ಹೊಳೆದಿರಬಹುದು! ಬಿದ್ದ ದಿನ ಅತ್ತೆ ಲೈಟು ಆರಿಸಿ ಕತ್ತಲಲ್ಲಿ ಹೊರಟಿದ್ದರು, ಮಧ್ಯದಲ್ಲಿ ನಮ್ಮಲ್ಲಿ ಯಾರೋ ಸ್ವಿಚ್ ಹಾಕಿದ್ದರು. ಕಾಲ ಕೆಳಗೆ ಇದ್ದಕ್ಕಿದ್ದಂತೆ ನೀರು ಕಂಡು ಅವರು ಪಕ್ಕಕ್ಕೆ ಹಾರಲು ಹೋಗಿ ಬಿದ್ದಿದ್ದರು. ಸ್ವಿಚ್ ಹಾಕಿದವಳು ನಾನೇ.

ಇಷ್ಟು ದಿನ ಯಾಕೆ ಹೇಳಲಿಲ್ಲವ್ವ ಎಂದು ಗಂಡ ಕೇಳಿದರು. ಅತ್ತೆ, “ಇಲ್ದಿರೋ ನೀರು ಕಾಣ್ತದೆ ಅಂದ್ರೆ ನೀನು ನನ್ನ ಉಚ್ಚಿ ಅನ್ನಕಿಲ್ವಾ?” ಎಂದರು. ಅಂದೇ ಬಿಟ್ಟಿದ್ದೆವಲ್ಲ, ಅವರ ಎದುರಿಗೇ.

ಆ ಮಧ್ಯಾಹ್ನ ಅವರು ಪ್ಯಾಸೇಜಿನಲ್ಲಿ ಮಾಡಿದ ಕೆಲಸವನ್ನು ನಾನು ಪಾಠದಂತೆ ನೆನಪಿಟ್ಟುಕೊಂಡಿದ್ದೇನೆ. ವಾಟ್ ಅಂದರೆ ಬಲ್ಬು ತಿನ್ನುವ ಕರೆಂಟು, ಲೂಮೆನ್ ಅಂದರೆ ಅದು ಕೊಡುವ ಬೆಳಕು, ತಿನ್ನುವುದನ್ನು ಮಾತ್ರ ನೋಡಿ ಬಲ್ಬು ಕೊಳ್ಳಬೇಡ ಎಂದರು. ಡಬ್ಬದ ಮೇಲೆ ಕೆಲ್ವಿನ್ ಎಂದು ಬರೆದಿರುವುದು ಬೆಳಕಿನ ಬಣ್ಣ: ಆರು ಸಾವಿರದ ಐನೂರು ಎಂದಿದ್ದರೆ ಆಸ್ಪತ್ರೆಯ ಬಿಳಿ, ಎರಡು ಸಾವಿರದ ಏಳುನೂರು ಎಂದಿದ್ದರೆ ಸಂಜೆಯ ಬಣ್ಣ, ಓಡಾಡುವ ಜಾಗಕ್ಕೆ ಎರಡನೆಯದು ಸಾಕು. ಹಳದಿ ಲೈಟು ಹೆಚ್ಚು ಕರೆಂಟು ಎಳೆಯುತ್ತದಂತಲ್ಲ ಎಂದು ಗಂಡ ತಮ್ಮ ಅನುಮಾನ ಹೇಳಿದರು. ಅದು ಹಳೇ ತಂತಿ ಬಲ್ಬಿನ ಕಾಲದ ಮಾತು, ಬಣ್ಣ ಕರೆಂಟು ತಿನ್ನುವುದಿಲ್ಲ ಎಂದು ಅವರು ಡಬ್ಬದ ಮೇಲಿನ ಸ್ಟಾರು ತೋರಿಸಿದರು. ನನ್ನ ಮೊಬೈಲ್ ಕ್ಯಾಮೆರಾ ತೆರೆಸಿ, ಬಿಳಿ ಲೈಟಿನ ಕಡೆ ಹಿಡಿಸಿದರು. ಪರದೆಯ ಮೇಲೆ ಕಪ್ಪು ಪಟ್ಟೆಗಳು ಓಡಿದವು. ಲೈಟು ನಮಗೆ ಗೊತ್ತಾಗದಂತೆ ಮಿಟುಕುತ್ತಿದೆ, ತಲೆನೋವು ಬರುವುದು ಇದರಿಂದಲೇ ಎಂದರು. ತಾವು ತಂದ ಬಲ್ಬಿನ ಕಡೆ ಹಿಡಿದಾಗ ಪಟ್ಟೆ ಕಾಣಲಿಲ್ಲ.

ಸೂರಿನ ಎಂಟರಲ್ಲಿ ಆರನ್ನು ಕಿತ್ತರು. ಉಳಿದ ಎರಡು ಕಡೆ ಹಾಲುಗಾಜಿನ ಮುಚ್ಚಳವಿರುವ ಐದೈದು ವಾಟಿನ ಬಲ್ಬು ಹಾಕಿದರು. ಮುಂದಿನ ವಾರ ಮತ್ತೆ ಬಂದು, ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಮೂರು ವಾಟಿನ ಮೂರು ಸಣ್ಣ ಲೈಟುಗಳನ್ನು ಕೆಳಮುಖವಾಗಿ ಕೂರಿಸಿದರು. ಬಲ್ಬು ಕಣ್ಣಿಗೆ ಬೀಳಬಾರದು, ನೆಲ ಮಾತ್ರ ಕಾಣಬೇಕು ಎಂಬುದು ಅವರ ಲೆಕ್ಕ. ತೊಂಬತ್ತಾರು ವಾಟು ತಿನ್ನುತ್ತಿದ್ದ ಜಾಗ ಹತ್ತೊಂಬತ್ತಕ್ಕೆ ಇಳಿಯಿತು. ಎರಡೂ ತುದಿಯಲ್ಲಿ ಹಾಕಿ ಆರಿಸಲು ಬರುವಂತೆ ಸ್ವಿಚ್ ಕೊಟ್ಟರು. ಆಳು ಬಂದರೆ ತಾನೇ ಹತ್ತಿಕೊಳ್ಳುವ ಸೆನ್ಸರ್ ಹಾಕಿಸೋಣ ಎಂದು ನಾನು ಕೇಳಿದ್ದಕ್ಕೆ ತಲೆಯಾಡಿಸಿದರು. “ಅವ್ವ ಮಧ್ಯದಲ್ಲಿ ಉಸುರು ತಕ್ಕಳಕೆ ನಿಂತ್ಕತದೆ. ಆಗ ಲೈಟು ಆರೋದ್ರೆ?” ಎಂದರು. ಅತ್ತೆ ಮಧ್ಯದಲ್ಲಿ ನಿಲ್ಲುತ್ತಾರೆ ಎಂಬುದನ್ನು ಒಂದೇ ಸಲ ಜೊತೆಗೆ ನಡೆದು ಅವರು ಕಂಡುಕೊಂಡಿದ್ದರು. ಆರು ತಿಂಗಳು ಅದೇ ಮನೆಯಲ್ಲಿದ್ದ ನಾವು ಕಂಡಿರಲಿಲ್ಲ.

ಆ ಕೆಲಸ ಮುಗಿದ ಸಂಜೆ ಅತ್ತೆ ಕೋಣೆಯಿಂದ ಬಚ್ಚಲಿಗೂ ಬಚ್ಚಲಿಂದ ಹಾಲ್‌ಗೂ ಗೋಡೆ ಮುಟ್ಟದೆ ಮೂರು ಸಲ ನಡೆದರು. ಮೈಸೂರಿನ ತಲೆ ಡಾಕ್ಟರ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ.

ಜಗಳ ಎತ್ತಿದ್ದು ಕಂಟ್ರಾಕ್ಟರ್. ತನ್ನನ್ನು ಕೇಳದೆ ಲೈಟು ಕೀಳಿಸಿದ್ದಕ್ಕೆ ಗಂಡನಿಗೆ ಫೋನ್ ಮಾಡಿ, ಹೆಂಗಸರ ಮಾತು ಕಟ್ಟಿಕೊಂಡು ಮನೆಯನ್ನು ಗವಿ ಮಾಡಿಕೊಂಡಿರಿ ಎಂದು ಹಾರಾಡಿದ. ಗುಂಡ್ಲುಪೇಟೆಯ ಆಯಮ್ಮ ಅಂಗಡಿಯಲ್ಲಿ ಮಾರಾಟವಾಗದ ಹಳದಿ ಬಲ್ಬುಗಳನ್ನು ನಿಮ್ಮ ತಲೆಗೆ ಕಟ್ಟಿದ್ದಾಳೆ ಎಂದ. ಇದೇ ಮಾತನ್ನು ನಾಲ್ಕು ಕಡೆ ಹೇಳಿಕೊಂಡು ಬಂದದ್ದೂ ನಮಗೆ ಗೊತ್ತಾಯಿತು. ಗಂಡ, ಹೋಗಲಿ ಬಿಡು, ಸ್ನೇಹಿತ ಎಂದರು.

ಆ ದೀಪಾವಳಿಗೆ ಅದೇ ಸ್ನೇಹಿತ ಸಿಹಿ ತಿನ್ನಲು ಬಂದ. ಪ್ಯಾಸೇಜಿನಲ್ಲಿ ಎರಡು ಸಲ ಆಚೆ ಈಚೆ ನಡೆದ. ಅತ್ತೆ ಲೀಲಾಜಾಲವಾಗಿ ಕಾಫಿ ಲೋಟ ಹಿಡಿದು ಬರುವುದನ್ನು ನೋಡಿದ. ಮೊಬೈಲ್ ತೆಗೆದು ನಾಲ್ಕು ಫೋಟೋ ಹೊಡೆದುಕೊಂಡ. ಒಂದು ವಾರಕ್ಕೆ ಆತನ ಸ್ಟೇಟಸ್ಸಿನಲ್ಲಿ ನಮ್ಮ ಪ್ಯಾಸೇಜು ಬಂತು, ಹಿರಿಯರಿಗಾಗಿ ನಮ್ಮ ಹೊಸ ವಿನ್ಯಾಸ ಎಂಬ ಅಕ್ಷರಗಳೊಂದಿಗೆ. ಮೂರು ತಿಂಗಳಲ್ಲಿ ಚಾಮರಾಜನಗರದಲ್ಲಿ ಕಟ್ಟಡದ ಕೆಲಸದವರು ಸೇರಿ ಮಾಡಿದ ಒಂದು ಸಮಾರಂಭದಲ್ಲಿ ಆ ವಿನ್ಯಾಸಕ್ಕಾಗಿ ಆತನಿಗೆ ಶಾಲು ಹೊದಿಸಿದರು. ನನ್ನ ಗಂಡ ಹೋಗಿ ಚಪ್ಪಾಳೆ ತಟ್ಟಿ ಬಂದರು. ಆ ರಾತ್ರಿ ನಾನು ಅವರೊಂದಿಗೆ ಮಾತು ಬಿಟ್ಟೆ, ಎಂಟು ದಿನ ಬಿಟ್ಟಿದ್ದೆ.

ಗುಂಡ್ಲುಪೇಟೆಯ ಅಂಗಡಿಗೆ ಫೋನ್ ಮಾಡಿ ಶಾಲಿನ ವಿಷಯ ತಿಳಿಸಿದಾಗ ಅವರು ಆಗಲೇ ಕೆಂಡವಾಗಿದ್ದರು. ಆದರೆ ಅವರ ಸಿಟ್ಟಿನ ಕಾರಣ ಬೇರೆ. ಉಡಿಗಾಲದ ಒಂದು ಹೊಸ ಮನೆಗೆ ಕಂಟ್ರಾಕ್ಟರ್ ನಮ್ಮ ಪ್ಯಾಸೇಜಿನ ಈ ಹೊಸ ವಿನ್ಯಾಸವನ್ನೇ ನಕಲು ಮಾಡಿ ಲೈಟು ಹಾಕಿದ್ದನಂತೆ. ಆ ಮನೆಯ ಹೆಂಗಸು ಗುಂಡ್ಲುಪೇಟೆ ಕಡೆಯವಳು. ಪ್ಯಾಸೇಜಿಗೆ ಹೋದರೆ ತಲೆ ಸಿಡಿಯುತ್ತದೆ, ಮಾವ ಎರಡು ಸಲ ಮುಗ್ಗರಿಸಿದರು ಎಂದು ಅವಳು ಇವರ ಅಂಗಡಿಗೆ ಬಂದು ಹೇಳಿಕೊಂಡಿದ್ದಳು. ಆ ಭಾನುವಾರ ನಾನೂ ಅವರೂ ಉಡಿಗಾಲಕ್ಕೆ ಹೋದೆವು. ಮುದ್ರೆಯಿಲ್ಲದ ಬಲ್ಬುಗಳು, ಕ್ಯಾಮೆರಾ ಹಿಡಿದರೆ ಪಟ್ಟೆಯೋ ಪಟ್ಟೆ. ಗೋಡೆಯ ಲೈಟುಗಳನ್ನು ಕೆಳಮುಖವಾಗಿಡುವ ಬದಲು ಎದುರುಮುಖವಾಗಿ ಕೂರಿಸಿದ್ದರಿಂದ ಬರುವವರ ಕಣ್ಣಿಗೇ ರಾಚುತ್ತಿದ್ದವು. ಅವರು ನೆಲದ ಮೇಲೆ ಕೂತು ಒಂದೊಂದನ್ನೇ ಬಿಚ್ಚಿ ತಿರುಗಿಸಿದರು. ಬಲ್ಬು ಬದಲಾಯಿಸಿದರು. ಸ್ಕ್ರೂ ಬಿಗಿಸುತ್ತಾ ನನ್ನ ಕಡೆ ತಿರುಗಿ, “ಕದಿಯೋದಾದ್ರೆ ಸರ್ಯಾಗಿ ಕದೀಬೇಕು ಕಣಮ್ಮಿ. ಅರ್ಧ ಕದ್ರೆ ಜನ ಬೀಳ್ತಾರೆ” ಎಂದರು.

ಶಾಲಿನ ವಿಷಯ ಅವರಿಗೆ ನಾಟಿಯೇ ಇಲ್ಲವೇನೋ ಎಂದುಕೊಂಡಿದ್ದೆ. ವಾಪಸ್ಸು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವರು ಇದ್ದಕ್ಕಿದ್ದಂತೆ ಕೇಳಿದರು, “ಶಾಲು ಯಾವ ಬಣ್ಣದ್ದು?”

ಮೆರೂನ್ ಎಂದೆ.

“ಬಿಳೀ ಲೈಟಲ್ಲಿ ಮೆರೂನು ಕಪ್ಪಗೆ ಕಾಣ್ತದೆ” ಎಂದರು. ಆತನ ಮುಂದೆ ನಿಂತು ನ್ಯಾಯ ಕೇಳೋಣ, ನಾನೂ ಬರುತ್ತೇನೆ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಗಂಡನ ಸ್ನೇಹಿತ, ಮನೆಯಲ್ಲಿ ರಗಳೆ ಎಂಬ ಅಳುಕು ನನಗೂ ಇತ್ತು. ಆಮೇಲೆ ಅವರನ್ನು ಕಂಡಾಗಲೆಲ್ಲ ಆ ಬಣ್ಣದ ಪ್ರಶ್ನೆ ನೆನಪಾಗುತ್ತಿತ್ತು.

ಈ ವರ್ಷ ಬೇಸಿಗೆಯ ಆರಂಭದಲ್ಲಿ ಅವರು ಹೋಗಿಬಿಟ್ಟರು. ಮಧ್ಯಾಹ್ನ ಅಂಗಡಿಯಲ್ಲಿದ್ದಾಗಲೇ ಎದೆ ಹಿಡಿದುಕೊಂಡರಂತೆ. ಭಾಯಿ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರೂ ಉಳಿಯಲಿಲ್ಲ. ಅತ್ತೆ ಅಂದು ಊಟ ಮುಟ್ಟಲಿಲ್ಲ.

ಹನ್ನೊಂದನೆಯ ದಿನ ಶಿವಗಣಾರಾಧನೆ ಮುಗಿದ ಮೇಲೆ ಮನೆಯ ಮುಂದಿನ ಶಾಮಿಯಾನದಲ್ಲಿ ನುಡಿನಮನ ಇಟ್ಟುಕೊಂಡಿದ್ದರು. ಊರಿನ ಹಿರಿಯರೊಬ್ಬರು ಅಧ್ಯಕ್ಷತೆ ವಹಿಸಿದ್ದರು. ಪತಿ ಹಾಕಿಕೊಟ್ಟ ಅಂಗಡಿಯನ್ನು ಪತಿಯ ನೆನಪಿನಲ್ಲಿ ನಡೆಸಿಕೊಂಡು ಬಂದ ಸಾಧ್ವಿ ಎಂದು ಅವರು ಶುರು ಮಾಡಿದರು. ಐಟಿಐ ಮಾತೇ ಬರಲಿಲ್ಲ. ಅವರ ಬಳಿಕ ಮೈಕು ಹಿಡಿದವನು ಕಂಟ್ರಾಕ್ಟರ್. ಅವನಿಗೆ ಈಗ ಗುಂಡ್ಲುಪೇಟೆಯಲ್ಲೂ ಕೆಲಸಗಳಿವೆ. ಅಕ್ಕನಿಗೆ ಕಲಿಯುವ ಆಸೆ ಬಹಳ ಇತ್ತು, ವಾರ್ಮ್ ಲೈಟಿನ, ಅದೇ ಹಳದಿ ಬೆಳಕಿನ, ವಿಷಯವನ್ನು ತಾನು ಒಂದು ಸಲ ಹೇಳಿಕೊಟ್ಟಿದ್ದೆ, ಆ ವಯಸ್ಸಿನಲ್ಲೂ ಎಷ್ಟು ಬೇಗ ಹಿಡಿದುಕೊಂಡರು ಎಂದ. ಹೇಳುತ್ತಾ ಅವನ ದನಿ ಗದ್ಗದವಾಯಿತು. ನನ್ನ ಗಂಡ ತಲೆ ತಗ್ಗಿಸಿ ಕೂತಿದ್ದರು.

ನಾನು ಎದ್ದು ಹೋದೆ. ಅವನು ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸುವ ಮೊದಲೇ ಕೈಯಿಂದ ತೆಗೆದುಕೊಂಡೆ. ಅವರು ಎಲ್ಲಿ ಓದಿದರು, ಅಂಗಡಿಯನ್ನು ಯಾರು ಕಟ್ಟಿದರು, ನನ್ನ ಮನೆಯ ಪ್ಯಾಸೇಜಿನಲ್ಲಿ ಎಂಟು ಲೈಟು ಹಾಕಿ ನಮ್ಮತ್ತೆಯನ್ನು ಹುಚ್ಚಿ ಎಂದವರು ಯಾರು, ನೆಲದ ಮೇಲೆ ಮಂಡಿಯೂರಿ ಅದನ್ನು ಸರಿಮಾಡಿದವರು ಯಾರು, ಶಾಲು ಹೊದ್ದವರು ಯಾರು, ಎಲ್ಲವನ್ನೂ ಒಂದರ ಹಿಂದೊಂದು ಹೇಳಿದೆ. ಅಧ್ಯಕ್ಷರು, ಸಾವಿನ ಮನೆ ಮೇಡಂ, ಇಲ್ಲಿ ಇದೆಲ್ಲ ಬೇಡ ಎಂದರು. ಸಾವಿನ ಮನೆಯಲ್ಲಿ ಸುಳ್ಳು ಹೇಳಬಹುದೇ ಎಂದು ಕೇಳಿದೆ. ಹಿಂದಿನ ಸಾಲಿನಿಂದ ಭಾಯಿ ಎದ್ದು ನಿಂತು, “ಮೇಡಂ ಹೇಳಿದ್ದು ನಿಜ ಐತೆ. ನಮ್ಮ ಅಂಗ್ಡೀ ಲೈಟ್ ಕೂಡ ಅವ್ರೇ ಹಾಕಿದ್ದು, ಯಾರೂ ಅವ್ರಿಗೆ ಹೇಳ್ಕೊಟ್ಟಿಲ್ಲ” ಎಂದರು. ಅವರೊಬ್ಬರೇ. ಉಳಿದ ನೂರು ಜನ ಊಟದ ಪಂಕ್ತಿಯ ಕಡೆ ನೋಡುತ್ತಿದ್ದರು.

ಊಟದ ಹತ್ತಿರ ಕಂಟ್ರಾಕ್ಟರ್ ನನ್ನ ಪಕ್ಕಕ್ಕೆ ಬಂದು, ತಪ್ಪಿದ್ದರೆ ನನ್ನೊಬ್ಬನಿಗೇ ಹೇಳಬಹುದಿತ್ತಲ್ಲ ಮೇಡಂ ಎಂದ. ನೀವು ಮೈಕಿನಲ್ಲಿ ಹೇಳಿದಿರಿ, ನಾನೂ ಮೈಕಿನಲ್ಲೇ ಹೇಳಿದೆ ಎಂದೆ. ಗಂಡ ಊಟ ಮಾಡದೆ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತರು. ತಡವಾಗಿ ನಿಂತರು, ಆದರೂ ನಿಂತರು.

ಇದನ್ನೆಲ್ಲ ಬರೆಯುತ್ತೇನೆ ಎಂದು ಅವರ ಮಗಳಿಗೆ ಹೇಳಿದ್ದೆ. ನಂಜನಗೂಡಿನಲ್ಲಿ ನರ್ಸ್ ಆಗಿರುವ ಹುಡುಗಿ, ಒಬ್ಬಳೇ ಮಗಳು. ಹೋದ ವಾರ ಅವಳ ಫೋನ್ ಬಂತು. “ಬರೀರಿ ಅಕ್ಕ, ಬರೀಬೇಡಿ ಅನ್ನಲ್ಲ. ಆದ್ರೆ ಅಮ್ಮನ ಹೆಸ್ರು ಹಾಕ್ಬೇಡಿ” ಎಂದಳು. ಯಾಕೆ ಎಂದೆ. ಅಂಗಡಿ ಬಾಡಿಗೆಯದು, ಈ ತಿಂಗಳ ಕೊನೆಗೆ ಖಾಲಿ ಮಾಡಬೇಕು. ಒಳಗಿರುವ ಮಾಲನ್ನೆಲ್ಲ ಒಟ್ಟಿಗೆ ತೆಗೆದುಕೊಳ್ಳುವವರು ಸುತ್ತಮುತ್ತ ಒಬ್ಬರೇ ಸಿಕ್ಕಿದ್ದಾರೆ. ಶಾಲು ಹೊದ್ದವನೇ ಇರಬೇಕು, ಯಾರೆಂದು ನಾನು ಕೇಳಬೇಕಾಗಲಿಲ್ಲ. ಅವಳೂ ಹೆಸರು ಹೇಳಲಿಲ್ಲ, ಅಮ್ಮನ ಹೆಸರು ಬಂದರೆ ಅವರು ಮಾಲು ಬೇಡ ಅಂದುಬಿಡುತ್ತಾರೆ ಎಂದಷ್ಟೇ ಹೇಳಿದಳು. ಕತ್ತಲೆ ಗೂಡನ್ನೂ ಅವರೇ ಕೇಳಿದ್ದಾರೆ ಅಕ್ಕ ಎಂದಳು.

ವಾದ ಮಾಡಿದೆ, ಬೈದೆ, ಕೊನೆಗೆ ಒಪ್ಪಿಕೊಂಡೆ. ಆ ಹುಡುಗಿಯ ಕಷ್ಟ ಅವಳಿಗೆ. ಆದ್ದರಿಂದಲೇ ಇಷ್ಟುದ್ದ ಬರೆದೂ ಅವರ ಹೆಸರನ್ನು ಎಲ್ಲೂ ಬರೆದಿಲ್ಲ. ಬೋರ್ಡಿನ ಮೇಲೆ ಹಾಕದವರು, ಫೋಟೋದ ಕೆಳಗೆ ಹಾಕದವರು, ಮೈಕಿನಲ್ಲಿ ಹೇಳದವರು, ಅವರೆಲ್ಲರ ಮೇಲೂ ಇಷ್ಟು ಹೊತ್ತು ಹರಿಹಾಯ್ದು, ಕೊನೆಗೆ ನಾನೂ ಅವರ ಹೆಸರನ್ನು ಬಿಟ್ಟೇ ಬರೆದಿದ್ದೇನೆ.